ಆಸರಿಂಗೆ ಎಂತ ಅಕ್ಕು?

ನಮ್ಮ ಮನೆಗೆ ಯಾರೇ ಬಂದರೂ ಅವರು ಅಂಗಳ ದಾಟಿ ಜಗಲಿಯ ಮೆಟ್ಟಿಲು ಹತ್ತುವ ಮೊದಲೇ ಮಾವನ ಬಾಯಿಂದ ಒಂದು ಮಾತು ಬರುತ್ತಿತ್ತು: “ಆಸರಿಂಗೆ ಎಂತ ಅಕ್ಕು?” ಬಾಯಾರಿಕೆಗೆ ಏನಾದೀತು ಎಂದು ಕೇಳುವ ಈ ಹವ್ಯಕ ಮಾತಿಗೆ ಕಾಸರಗೋಡಿನ ಕುಂಬಳೆ ಸೀಮೆಯ ಮನೆಗಳಲ್ಲಿ ನಮಸ್ಕಾರದ ಬೆಲೆಯಿದೆ. ತೋಟದ ಕೆಲಸಕ್ಕೆ ಬಂದವರಿಗೆ ತುಳುವಿನಲ್ಲಿ, ಅಡಿಕೆ ಕೊಳ್ಳಲು ಬಂದವರಿಗೆ ಮಲಯಾಳದಲ್ಲಿ, ಶಾಲೆಯಿಂದ ಬರುವ ನನ್ನ ಸಹೋದ್ಯೋಗಿಗಳಿಗೆ ಪುಸ್ತಕದ ಕನ್ನಡದಲ್ಲಿ ಅದೇ ಪ್ರಶ್ನೆಯನ್ನು ಅವರು ಕೇಳುತ್ತಿದ್ದರು. ಅದನ್ನು ಕೇಳದೆ ಬೇರೆ ಮಾತಿಗೆ ತೊಡಗಿದ್ದನ್ನು ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಒಮ್ಮೆಯೂ ಕಂಡಿರಲಿಲ್ಲ.

2019ರ ಡಿಸೆಂಬರಿನಲ್ಲಿ, ಮೊದಲ ಕೊಯ್ಲಿನ ಅಡಿಕೆ ಅಂಗಳದಲ್ಲಿ ಒಣಗುತ್ತಿದ್ದ ದಿನಗಳಲ್ಲಿ, ಒಂದು ಬೆಳಗ್ಗೆ ಮಾವ ಹಾಸಿಗೆಯಿಂದ ಏಳಲಿಲ್ಲ. ಮೆದುಳಿನ ಎಡಭಾಗಕ್ಕೆ ಹೋಗುವ ರಕ್ತನಾಳ ಕಟ್ಟಿಕೊಂಡಿತ್ತು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ನಿದ್ದೆಯಲ್ಲಿ ಎಷ್ಟು ಹೊತ್ತಿಗೆ ಆದದ್ದೆಂದು ಯಾರಿಗೂ ತಿಳಿಯದ ಕಾರಣ ಮಂಗಳೂರಿಗೆ ತಲುಪಿದಾಗ ಆ ಅವಕಾಶ ಉಳಿದಿರಲಿಲ್ಲ. ಹದಿನಾರು ದಿನಗಳ ಬಳಿಕ ಮನೆಗೆ ಮರಳಿದಾಗ ಬಲಗೈ ಮತ್ತು ಬಲಗಾಲು ಸೋತಿದ್ದವು, ಮಾತಿನಲ್ಲಿ “ಅದು, ಅದು” ಎಂಬ ಒಂದೇ ಪದ ಉಳಿದಿತ್ತು. ಆಗ ಅವರಿಗೆ ಎಪ್ಪತ್ತೊಂದು ವರ್ಷ.

ಮೆದುಳಿಗೆ ಪೆಟ್ಟಾಗಿ ಮಾತು ಹೀಗೆ ಹೋಗುವ ಸ್ಥಿತಿಗೆ ಅಫೇಸಿಯಾ ಎಂದು ಹೆಸರು. 1861ರಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೊಕಾ ವರ್ಣಿಸಿದ ರೋಗಿಗೆ “ಟ್ಯಾನ್” ಎಂಬ ಒಂದು ಸದ್ದನ್ನು ಬಿಟ್ಟರೆ ಹೆಚ್ಚೇನೂ ಹೇಳಲಾಗುತ್ತಿರಲಿಲ್ಲ. ಆದರೆ ಎದುರಿನವರು ಹೇಳಿದ್ದು ಅವನಿಗೆ ಬಹುಮಟ್ಟಿಗೆ ಅರ್ಥವಾಗುತ್ತಿತ್ತು. ಅವನ ಮರಣದ ನಂತರ ಮೆದುಳನ್ನು ಪರೀಕ್ಷಿಸಿದಾಗ ಎಡಬದಿಯ ಮುಂಭಾಗದಲ್ಲಿ ಪೆಟ್ಟು ಕಂಡುಬಂತು. ಮಾವನ ಪರಿಸ್ಥಿತಿ ಅದಕ್ಕೆ ಹತ್ತಿರವಾದದ್ದು. ಮಾತು ಹೋಗಿತ್ತು, ತಿಳಿವಳಿಕೆ ಹೋಗಿರಲಿಲ್ಲ. ನೋಡಲು ಬಂದ ನೆಂಟರಿಗೆ ಇದನ್ನು ಮನವರಿಕೆ ಮಾಡಿಕೊಡುವುದೇ ನಮಗೆ ಮೊದಲ ಕೆಲಸವಾಯಿತು. ಕಿವಿ ಕೇಳದವರೊಂದಿಗೆ ಮಾತನಾಡುವಂತೆ ಕೆಲವರು ಗಟ್ಟಿಯಾಗಿ ಕೂಗುತ್ತಿದ್ದರು; ಇನ್ನು ಕೆಲವರು ಅವರ ಎದುರಿನಲ್ಲೇ “ಇನ್ನು ತೋಟದ ಗತಿಯೇನು” ಎಂದು ನನ್ನ ಪತಿಯನ್ನು ಕೇಳುತ್ತಿದ್ದರು. ಮಾವನ ಕಣ್ಣು ಆಗ ಗೋಡೆಯ ಕಡೆಗೆ ತಿರುಗುತ್ತಿತ್ತು.

ವಾರಕ್ಕೆ ಎರಡು ದಿನ ಮಂಗಳೂರಿಗೆ ಹೋಗಿ ಮಾತಿನ ಚಿಕಿತ್ಸೆಯನ್ನೂ ಕೈಯ ಚಿಕಿತ್ಸೆಯನ್ನೂ ಮಾಡಿಸುತ್ತಿದ್ದೆವು. ಸ್ಪೀಚ್ ಥೆರಪಿಸ್ಟ್ ಕಡಿಮೆ ವಯಸ್ಸಿನ ಹುಡುಗಿ, ಬಹಳ ತಾಳ್ಮೆಯವಳು. ಅವಳ ಮೇಜಿನ ಮೇಲಿದ್ದ ಚಿತ್ರಪಟಗಳಲ್ಲಿ ಸೇಬು, ಹಡಗು, ಒಂಟೆ, ಐಸ್‌ಕ್ರೀಮ್ ಇದ್ದವು. ಮಾವ ಸೇಬಿನ ಚಿತ್ರವನ್ನು ನೋಡಿ ನೋಡಿ ಕೊನೆಗೆ ಅದನ್ನು ಬೋರಲು ಹಾಕಿಬಿಡುತ್ತಿದ್ದರು. ಅರುವತ್ತು ವರ್ಷ ತೋಟದಲ್ಲಿ ದುಡಿದ ಮನುಷ್ಯನನ್ನು ಮಕ್ಕಳ ಚಿತ್ರಪಟದ ಮುಂದೆ ಕೂರಿಸಿದಾಗ ಅವರೊಳಗೆ ಏನು ನಡೆಯುತ್ತಿರಬಹುದೆಂದು ಊಹಿಸಲು ನನಗೆ ಸಂಕಟವಾಗುತ್ತಿತ್ತು. ನಾನು ಶಾಲೆಯಲ್ಲಿ ಕನ್ನಡ ಕಲಿಸುವವಳು. ಕಲಿಯುವವನ ಅಭಿಮಾನಕ್ಕೆ ಪೆಟ್ಟು ಬಿದ್ದ ಮೇಲೆ ಯಾವ ಪಾಠವೂ ಮುಂದೆ ಸಾಗುವುದಿಲ್ಲ ಎಂಬುದನ್ನು ತರಗತಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ.

2020ರ ಮಾರ್ಚ್ ತಿಂಗಳಿನಲ್ಲಿ ಕೋವಿಡ್ ಕಾರಣದಿಂದ ಎಲ್ಲವೂ ಸ್ಥಗಿತಗೊಂಡು, ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿಯೂ ಮುಚ್ಚಿತು. ಮಂಗಳೂರು ನಮಗೆ ಇದ್ದಕ್ಕಿದ್ದಂತೆ ಪರದೇಶವಾಯಿತು. ಫೋನಿನಲ್ಲಿ ನಾನು ಥೆರಪಿಸ್ಟ್ ಬಳಿ ಚಿತ್ರಪಟಗಳ ಫೋಟೋ ಕಳುಹಿಸುವಂತೆ ಕೇಳಿಕೊಂಡೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಕ್ಕ, ಚಿತ್ರ ಬೇಡ. ಅವರು ದಿನಾ ಕೈಯಲ್ಲಿ ಹಿಡಿಯುತ್ತಿದ್ದ ಹತ್ತು ವಸ್ತುಗಳನ್ನು ಒಂದು ಕುಕ್ಕೆಯಲ್ಲಿ ಹಾಕಿಡಿ. ಅವುಗಳ ಹೆಸರನ್ನು ನೀವು ಮನೆಯಲ್ಲಿ ಹೇಗೆ ಹೇಳುತ್ತೀರೋ ಹಾಗೆಯೇ ಹೇಳಿ” ಎಂದಳು. ಅಂದು ಸಂಜೆ ಅತ್ತೆ ಮತ್ತು ನಾನು ಸೇರಿ ತುಂಬಿದ ಕುಕ್ಕೆಯಲ್ಲಿ ಹೆಗಲಿಗೆ ಹಾಕುವ ಬೈರಾಸು, ಕನ್ನಡಕ, ಟಾರ್ಚು, ಸುಣ್ಣದ ಡಬ್ಬಿ, ಕೊಟ್ಟಿಗೆಯ ಬೀಗದ ಕೈ, ಅಡಿಕೆ ಹಾಳೆಯ ಟೊಪ್ಪಿಯಾದ ಮುಟ್ಟಾಳೆ, ಪಂಚಾಂಗ, ಚೊಂಬು, ಒಂದು ಸುಲಿದ ಅಡಿಕೆ ಮತ್ತು ಅವರ ಪೆನ್ನು ಇದ್ದವು. ಅಡಕತ್ತರಿಯನ್ನೂ ಅತ್ತೆ ಹಾಕಿದ್ದರು. ಅದನ್ನು ನಾನು ತೆಗೆದಿಟ್ಟೆ.

ಪದ ಹೇಳಿಸುವುದಕ್ಕೂ ಒಂದು ಕ್ರಮವಿದೆ. “ಇದೇನು, ಹೇಳಿ” ಎಂದು ಒತ್ತಾಯಿಸಿದಷ್ಟೂ ಪದ ದೂರ ಸರಿಯುತ್ತದೆ. ಅದರ ಬದಲು ಆ ವಸ್ತುವಿನ ಸುತ್ತ ನಡೆಯಬೇಕು. ಬೈರಾಸನ್ನು ಕೈಗೆ ಕೊಟ್ಟು, ಇದರಿಂದ ಏನು ಮಾಡುವುದು, ಇದು ಎಲ್ಲಿ ಇರುತ್ತದೆ, ಮುಟ್ಟಿದರೆ ಹೇಗಿದೆ, ಇದರ ಜೊತೆಗೆ ಇನ್ನೇನು ನೆನಪಿಗೆ ಬರುತ್ತದೆ ಎಂದು ಒಂದೊಂದಾಗಿ ಕೇಳುವುದು. ಉತ್ತರವನ್ನು ಮಾತಿನಲ್ಲಿ ಹೇಳಲಾಗದಿದ್ದರೆ ಅಭಿನಯಿಸಿ ತೋರಿಸಿದರೂ ಒಪ್ಪಿಕೊಳ್ಳುವುದು. ಮೆದುಳಿನಲ್ಲಿ ಒಂದು ಪದ ಒಂಟಿಯಾಗಿ ಕುಳಿತಿರುವುದಿಲ್ಲ, ಅದರ ನೆಂಟರನ್ನು ಎಬ್ಬಿಸಿದರೆ ಅದೂ ಎದ್ದೀತು ಎಂಬುದು ಇದರ ಹಿಂದಿನ ವಿಚಾರ. ಪ್ರಶ್ನೆ ಕೇಳಿದ ಬಳಿಕ ಕಾಯುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ಹತ್ತು ಸೆಕೆಂಡು ಎಂದರೆ ಎಷ್ಟು ದೀರ್ಘವೆಂದು ನನಗೆ ಮಾವನ ಎದುರು ಕುಳಿತಾಗಲೇ ತಿಳಿದದ್ದು. ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿ ಚುರುಕು. ಅವರ ತುಟಿ ಅಲುಗಿದ ಕೂಡಲೇ ಮೂರು ಜನ ಮೂರು ಪದಗಳನ್ನು ಕೊಟ್ಟುಬಿಡುತ್ತಿದ್ದರು. ಆ ಪ್ರೀತಿಯೇ ಅವರ ಬಾಯಿ ಕಟ್ಟುತ್ತಿತ್ತು.

ಕಾದರೂ ಪದ ಬಾರದಿದ್ದಾಗ ಕನ್ನಡದ ಲಿಪಿ ನಮ್ಮ ಸಹಾಯಕ್ಕೆ ಬಂತು. “ನೀರು” ಬೇಕಿದ್ದರೆ ಸ್ಲೇಟಿನ ಮೇಲೆ “ನೀ” ಎಂದು ಒಂದೇ ಅಕ್ಷರ ಬರೆದು ತೋರಿಸುತ್ತಿದ್ದೆ. ನಮ್ಮ ಲಿಪಿಯಲ್ಲಿ ಒಂದು ಅಕ್ಷರವೆಂದರೆ ಬಾಯಲ್ಲಿ ಒಮ್ಮೆಗೆ ಹೊರಡುವ ಒಂದು ಇಡೀ ಉಲಿ. ವ್ಯಂಜನವೂ ಸ್ವರವೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಆದ್ದರಿಂದ ಕಿವಿಗೆ ಕೊಡುವ ಸುಳಿವನ್ನು ಕಣ್ಣಿಗೂ ಕೊಡಬಹುದು. ಬರವಣಿಗೆಯನ್ನು ಓದುವ ಶಕ್ತಿ ಸ್ವಲ್ಪವಾದರೂ ಉಳಿದಿರುವವರಿಗೆ ಇದು ದೊಡ್ಡ ಆಸರೆ. ಉಚ್ಚಾರ ತೊದಲುವುದನ್ನು ತಿದ್ದಲು ವರ್ಣಮಾಲೆಯೇ ಸಾಕಾಯಿತು. ಕವರ್ಗ ಗಂಟಲಿನ ಬಳಿ ಹುಟ್ಟುತ್ತದೆ, ಅಲ್ಲಿಂದ ಚ, ಟ, ತ ವರ್ಗಗಳು ಮುಂದೆ ಮುಂದೆ ಬಂದು ಪವರ್ಗ ತುಟಿಯಲ್ಲಿ ಕೊನೆಗೊಳ್ಳುತ್ತದೆ ಎಂದು ನಾನು ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಪಾಠ ಮಾಡಿದ್ದೇನೆ. ಅದು ಚಿಕಿತ್ಸೆಯ ನಕ್ಷೆಯೂ ಆಗಬಹುದೆಂದು ಹೊಳೆದಿರಲಿಲ್ಲ. ಪ, ಬ, ಮ ಕನ್ನಡಿಯಲ್ಲಿ ಕಾಣುವ ಅಕ್ಷರಗಳಾದ್ದರಿಂದ ಅವುಗಳಿಂದ ಆರಂಭಿಸಿದೆವು. ಕನ್ನಡಿಯ ಮುಂದೆ ನಾವಿಬ್ಬರೂ ಅಕ್ಕಪಕ್ಕ ಕುಳಿತು, ನನ್ನ ತುಟಿಯನ್ನು ನೋಡಿ ಅವರು ತಮ್ಮ ತುಟಿಯನ್ನು ಸೇರಿಸಬೇಕು. ತುಟಿ, ಹಲ್ಲು, ಗಂಟಲು ಮೂರನ್ನೂ ಒಟ್ಟಿಗೆ ದುಡಿಸುವ “ಪ-ತ-ಕ, ಪ-ತ-ಕ” ಎಂಬ ಆವರ್ತನವನ್ನು ಥೆರಪಿಸ್ಟ್‌ಗಳು ಪರೀಕ್ಷೆಗೆ ಬಳಸುತ್ತಾರೆ. ಮಾವನಿಗೆ ಮೇ ತಿಂಗಳ ತನಕ ಅದು “ಪ-ಪ-ತ” ಆಗಿಯೇ ಉಳಿದಿತ್ತು.

ಸಾಲುಮಾತುಗಳ ಸಂಗತಿ ಬೇರೆ. ಒಂದು, ಎರಡು, ಮೂರು ಎಂದು ನಾನು ಎತ್ತಿಕೊಟ್ಟರೆ ಮಾವ ಹತ್ತರವರೆಗೆ ಸರಾಗವಾಗಿ ಹೇಳುತ್ತಿದ್ದರು. ಅಶ್ವಿನಿ, ಭರಣಿ, ಕೃತ್ತಿಕಾ ಎಂದು ನಕ್ಷತ್ರಗಳನ್ನೂ ಹೇಳುತ್ತಿದ್ದರು. ಅತ್ತೆ ಸಂಜೆ ಭಜನೆ ಹಾಡುವಾಗ ಜೊತೆಗೆ ಸಾಹಿತ್ಯವೂ ಬರುತ್ತಿತ್ತು. ಮೊದಲ ಸಲ ಕೇಳಿದಾಗ ಅತ್ತೆ ಕಣ್ಣೀರು ಹಾಕಿ, ಮಾತು ಮರಳಿತೆಂದೇ ನಂಬಿದರು. ಬಾಯಿಪಾಠವಾದದ್ದು ಮತ್ತು ರಾಗಕ್ಕೆ ಕೂಡಿದ್ದು ಮೆದುಳಿನಲ್ಲಿ ಬೇರೆ ದಾರಿಯಲ್ಲಿಯೂ ಸಾಗಬಲ್ಲದು. ತನಗೆ ಬೇಕಾದುದನ್ನು ಕೇಳುವ ಮಾತು ಅದಕ್ಕಿಂತ ಕಠಿಣ ಎಂದು ಅವರಿಗೆ ವಿವರಿಸುವುದು ನೋವಿನ ಕೆಲಸವಾಗಿತ್ತು. ಆದರೆ ಸಾಲುಮಾತು ನಿರುಪಯೋಗಿಯಲ್ಲ, ಅದನ್ನು ಏಣಿಯಾಗಿ ಬಳಸಬಹುದು. ಎಷ್ಟು ದೋಸೆ ಬೇಕು ಎಂದು ಕೇಳಿದರೆ ಮಾವ ಮನಸ್ಸಿನಲ್ಲಿ “ಒಂದು” ಎಂದು ಆರಂಭಿಸಿ, ಬೇಕಾದ ಸಂಖ್ಯೆ ಬಂದಾಗ ನಿಲ್ಲಿಸಿ, ಅದನ್ನು ಮಾತ್ರ ಗಟ್ಟಿಯಾಗಿ ಹೇಳಲು ಕಲಿತರು. ಮಾತನ್ನು ರಾಗದಲ್ಲಿ ಎಳೆದು, ಎಡಗೈಯಿಂದ ತಾಳ ತಟ್ಟುತ್ತಾ ಹೇಳಿಸುವ ಕ್ರಮವೊಂದನ್ನು ಅಮೆರಿಕದ ಚಿಕಿತ್ಸಕರು 1973ರಷ್ಟು ಹಿಂದೆಯೇ ವರ್ಣಿಸಿದ್ದಾರೆ. ನಾವು “ನೀ-ರು ಬೇ-ಕು” ಎಂದು ಎರಡು ಸ್ವರಗಳಲ್ಲಿ ಹಾಡಿ, ದಿನದಿಂದ ದಿನಕ್ಕೆ ರಾಗವನ್ನು ಕಡಿಮೆ ಮಾಡುತ್ತಾ ಬಂದೆವು.

ಕೈಯ ವಿಷಯಕ್ಕೆ ಬರುತ್ತೇನೆ. ನೋಡಲು ಬಂದ ನಾಲ್ಕು ಮನೆಯವರು ನಾಲ್ಕು ಸ್ಪಂಜಿನ ಚೆಂಡುಗಳನ್ನು ತಂದುಕೊಟ್ಟಿದ್ದರು, ಹಿಸುಕಿ ಹಿಸುಕಿ ಕೈಗೆ ಬಲ ಬರಲಿ ಎಂಬ ಸದಾಶಯದಿಂದ. ಆದರೆ ಆ ಹೊತ್ತಿಗೆ ಮಾವನ ಬೆರಳುಗಳು ತಾವಾಗಿಯೇ ಬಿಗಿದು ಮುಷ್ಟಿಯಾಗತೊಡಗಿದ್ದವು. ಹಾಗೆ ಬಿಗಿಯುವ ಕೈಗೆ ಹಿಡಿಯುವ ಅಭ್ಯಾಸಕ್ಕಿಂತ ಬಿಡುವ ಅಭ್ಯಾಸ ಮುಖ್ಯ ಎಂದು ದಿನನಿತ್ಯದ ಕೆಲಸಗಳಿಗೆ ಕೈಯನ್ನು ಪಳಗಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಹೇಳಿದ್ದರಿಂದ ಚೆಂಡುಗಳನ್ನು ಒಳಗಿಟ್ಟೆವು. ಆರಂಭದಲ್ಲಿ ಮೇಜಿನ ಮೇಲೆ ಬೈರಾಸು ಹಾಸಿ, ಅದರ ಮೇಲೆ ಬಲಗೈಯಿಟ್ಟು, ಮೇಲೆ ಎಡಗೈ ಜೋಡಿಸಿ ಮುಂದಕ್ಕೂ ಹಿಂದಕ್ಕೂ ಜಾರಿಸುವುದಷ್ಟೇ ಕೆಲಸ. ಎಬ್ಬಿಸುವಾಗ ಸೋತ ತೋಳನ್ನು ಹಿಡಿದು ಎಳೆಯಬಾರದು, ಭುಜದ ಕೀಲು ಜಾರುತ್ತದೆ. ಇದನ್ನು ಮನೆಗೆ ಬರುವ ಪ್ರತಿಯೊಬ್ಬರಿಗೂ ಹೇಳಬೇಕಾಯಿತು. ಆಮೇಲೆ ಅಗಲವಾದ ಹರಿವಾಣದಲ್ಲಿ ಅಕ್ಕಿ ತುಂಬಿ, ಅದರೊಳಗೆ ಬೀಗದ ಕೈ, ನಾಣ್ಯ, ಗುಂಡಿ, ಹುಣಸೆ ಬೀಜಗಳನ್ನು ಹುಗಿದಿಟ್ಟು, ಕಣ್ಣು ಮುಚ್ಚಿ ಬೆರಳಿನಿಂದಲೇ ಗುರುತಿಸುವ ಅಭ್ಯಾಸ. ಚಮಚದ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿದೆವು. ಬಟ್ಟಲು ಜಾರದಂತೆ ಅಡಿಯಲ್ಲಿ ಒದ್ದೆ ಬಟ್ಟೆ ಹಾಸಿದೆವು. ಕಪಾಟಿನ ಕನ್ನಡಿಯ ಮುಂದೆ ಎಡಗೈಯನ್ನು ಆಡಿಸಿ, ಆ ಪ್ರತಿಬಿಂಬವನ್ನು ಬಲಗೈ ಎಂದು ಮೆದುಳಿಗೆ ತೋರಿಸುವ ಅಭ್ಯಾಸವನ್ನೂ ಮಾಡಿದೆವು. ಕತ್ತರಿಸಿಹೋದ ಕೈ ಇನ್ನೂ ನೋಯುತ್ತಿದೆ ಎನಿಸುವ ನೋವಿಗೆ ನರವಿಜ್ಞಾನಿ ಡಾ. ವಿ. ಎಸ್. ರಾಮಚಂದ್ರನ್ ಅವರು 1990ರ ದಶಕದಲ್ಲಿ ಕಂಡುಕೊಂಡ ಈ ಉಪಾಯವನ್ನು ಆಮೇಲೆ ಪಾರ್ಶ್ವವಾಯುವಿಗೂ ಬಳಸಿದ್ದಾರೆ. ಮಾವನಿಗೆ ಅದರಲ್ಲಿ ಆಸಕ್ತಿ ಹುಟ್ಟಲಿಲ್ಲ, ಎರಡು ವಾರಕ್ಕೆ ಬಿಟ್ಟೆವು.

ಅವರಿಗೆ ಆಸಕ್ತಿ ಹುಟ್ಟಿದ್ದು ಅಡಿಕೆಯಲ್ಲಿ. ಏಪ್ರಿಲಿನಲ್ಲಿ ಸುಲಿದ ಚಾಲಿಯನ್ನು, ಎಂದರೆ ಒಣಗಿದ ಅಡಿಕೆಯನ್ನು, ಮೊರದಂತಹ ಗೆರಸೆಯಲ್ಲಿ ಹರಡಿ ಅವರ ಎದುರಿಗಿಟ್ಟೆವು, ಅದರಾಚೆ ಮೂರು ಕುಕ್ಕೆಗಳು. ನಯವಾದ ಒಳ್ಳೆಯ ಅಡಿಕೆ ಒಂದಕ್ಕೆ, ಒಡಕು ಮೈಯ ಪಟೋರ ಇನ್ನೊಂದಕ್ಕೆ, ಕಪ್ಪಾಗಿ ಕೆಟ್ಟ ಕರಿಗೋಟು ಮೂರನೆಯದಕ್ಕೆ. ಒಂದು ಅಡಿಕೆಯನ್ನು ಎತ್ತಲು ಹೆಬ್ಬೆರಳು ತೋರುಬೆರಳಿನ ಎದುರಿಗೆ ಬರಬೇಕು, ಬಿಡಲು ಬೆರಳು ಸರಿಯಾದ ಜಾಗದಲ್ಲಿ ತೆರೆಯಬೇಕು. ಉತ್ತರ ಅಮೆರಿಕದ ಚಿಕಿತ್ಸಾ ಕೇಂದ್ರಗಳಲ್ಲಿ ಒಂದು ಅವಧಿಯಲ್ಲಿ ರೋಗಿಯ ಕೈ ಉಪಯೋಗದ ಚಲನೆಯನ್ನು ಸರಾಸರಿ 32 ಬಾರಿ ಮಾತ್ರ ಮಾಡುತ್ತದೆಂದು 2009ರ ಒಂದು ಅಧ್ಯಯನ ತೋರಿಸಿದೆ; ಮೆದುಳು ಹೊಸ ದಾರಿ ಕಲಿಯಲು ನೂರಾರು ಪುನರಾವರ್ತನೆ ಬೇಕೆಂದು ಬಲ್ಲವರು ಹೇಳುತ್ತಾರೆ. ಗೆರಸೆಯ ಮುಂದೆ ಕುಳಿತ ಮಾವ ಯಾರ ಒತ್ತಾಯವೂ ಇಲ್ಲದೆ ಒಂದು ಬೆಳಗ್ಗೆ ಇನ್ನೂರು ಅಡಿಕೆ ಎತ್ತಿದ ದಿನಗಳಿವೆ, ಏಕೆಂದರೆ ಅದು ವ್ಯಾಯಾಮವಾಗಿರಲಿಲ್ಲ, ಮಾರಬೇಕಾದ ಅಡಿಕೆಯಾಗಿತ್ತು.

ಆ ಬೆಳಗ್ಗೆಗಳಲ್ಲಿ ಒಂದನ್ನು ನಾನು ಮರೆಯಲಾರೆ. ನನ್ನ ಪತಿ ಪಕ್ಕದಲ್ಲಿ ಕುಳಿತು ಬೇಗಬೇಗನೆ ಹೆಕ್ಕುತ್ತಿದ್ದವರು ಒಂದು ಅಡಿಕೆಯನ್ನು ಒಳ್ಳೆಯದರ ಕುಕ್ಕೆಗೆ ಹಾಕಿದರು. ಮಾವನ ಬಲಗೈ ನಿಂತಿತು. ಅವರು ಆ ಕುಕ್ಕೆಯ ಮೇಲೆ ಬಾಗಿ, ಎಡಗೈಯಿಂದ ಅದೇ ಅಡಿಕೆಯನ್ನು ಹುಡುಕಿ ತೆಗೆದು, ಬೆಳಕಿಗೆ ಹಿಡಿದು ತಿರುಗಿಸಿದರು. ತೊಟ್ಟಿನ ಬದಿಯಲ್ಲಿ ಉಗುರಿನಷ್ಟು ಕಪ್ಪು ಇತ್ತು. ತುಟಿ ಎರಡು ಸಲ ಅಲುಗಿತು. ನಾನು ಪತಿಯ ಮೊಣಕೈಯನ್ನು ಹಿಡಿದು ಮಾತನಾಡದಂತೆ ತಡೆದೆ. “ಕ... ಕರಿ... ಕರಿಗೋಟು” ಎಂದರು ಮಾವ. ಮೂರೂವರೆ ತಿಂಗಳಲ್ಲಿ ಯಾರೂ ಎತ್ತಿಕೊಡದೆ ಅವರ ಬಾಯಿಂದ ಬಂದ ಮೊದಲ ನಾಮಪದ ಅದು. ಸೇಬನ್ನು ಹೇಳಲಾಗದ ಬಾಯಿ ನಾಲ್ಕು ಅಕ್ಷರದ ಕರಿಗೋಟನ್ನು ಹೇಳಿತು, ಮಗ ಮಾಡಿದ ತಪ್ಪನ್ನು ತಿದ್ದುವ ಅಗತ್ಯ ಅಲ್ಲಿ ಎದುರಾದ ಕಾರಣ. ಪದವನ್ನು ಹೊರಗೆ ತರುವುದು ಅದರ ಉದ್ದವಾಗಲಿ ಸರಳತೆಯಾಗಲಿ ಅಲ್ಲ, ಆ ಗಳಿಗೆಯಲ್ಲಿ ಅದು ಬೇಕಾಗಿರುವುದು ಎಂದು ನಾನು ಆ ದಿನದಿಂದ ನಂಬಿದ್ದೇನೆ.

ವೀಳ್ಯದ ಹರಿವಾಣವೂ ಹೀಗೆಯೇ ಬಳಕೆಗೆ ಬಂತು. ನುಂಗುವ ತೊಂದರೆ ಇದ್ದುದರಿಂದ ಮಾವ ಎಲೆ ತಿನ್ನುವಂತಿರಲಿಲ್ಲ, ಅಡಿಕೆ ಜಗಿಯುವುದನ್ನು ವೈದ್ಯರೂ ನಿಲ್ಲಿಸಿದ್ದರು. ಆದರೂ ಎಲೆಯನ್ನು ಒರೆಸಿ, ತೊಟ್ಟು ಮುರಿದು, ನಾರು ತೆಗೆದು, ಸುಣ್ಣ ಸವರಿ, ಮಡಿಚುವ ಐದು ಹೆಜ್ಜೆಗಳನ್ನು ತಪ್ಪದೆ ಒಂದರ ಹಿಂದೆ ಒಂದು ಮಾಡುವುದು ಕೈಗೂ ಅನುಕ್ರಮದ ನೆನಪಿಗೂ ಎಷ್ಟು ಸೂಕ್ಷ್ಮವಾದ ಕೆಲಸವೆಂದರೆ, ಮೊದಲ ತಿಂಗಳು ಸುಣ್ಣ ಮಡಿಕೆಯ ಹೊರಗೇ ಇರುತ್ತಿತ್ತು.

ನುಂಗುವ ವಿಷಯದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. ಕಾಯಿಲೆಯವರಿಗೆ ಗಂಜಿ ಎಂದರೆ ಅತ್ಯಂತ ಹಗುರವಾದ ಆಹಾರ ಎಂದು ನಂಬಿ ಬೆಳೆದ ನಾನು, ಆಸ್ಪತ್ರೆಯಿಂದ ಬಂದ ಮೂರನೆಯ ದಿನ ತಿಳಿನೀರಿನ ಗಂಜಿ ಕೊಟ್ಟೆ. ಎರಡನೆಯ ಚಮಚಕ್ಕೆ ಮಾವ ಕೆಮ್ಮಿ, ಮುಖ ಕಪ್ಪಿಟ್ಟು, ಕಣ್ಣಲ್ಲಿ ನೀರು ತುಂಬಿತು. ತೆಳುವಾದ ನೀರು ಮತ್ತು ಗಟ್ಟಿಯಾದ ಅಗುಳು ಒಟ್ಟಿಗೆ ಇರುವ ಗಂಜಿ, ನುಂಗುವ ಸ್ನಾಯು ಸೋತವರಿಗೆ ಬಹಳ ಅಪಾಯಕಾರಿ: ಬಾಯಿ ಅಗುಳನ್ನು ಜಗಿಯುತ್ತಿರುವಾಗಲೇ ನೀರು ಶ್ವಾಸನಾಳದ ಕಡೆಗೆ ಹರಿದುಬಿಡುತ್ತದೆ. ಆಹಾರದ ದಪ್ಪವನ್ನು 0ಯಿಂದ 7ರವರೆಗೆ ಎಂಟು ಮಟ್ಟಗಳಲ್ಲಿ ಗುರುತಿಸುವ ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಕ್ರಮವಿದೆ. ದ್ರವವನ್ನು ಅಳೆಯಲು ಅದಕ್ಕೆ ಬೇಕಾದ ಉಪಕರಣವೆಂದರೆ ಸೂಜಿಯಿಲ್ಲದ 10 ಮಿಲಿಲೀಟರಿನ ಸಿರಿಂಜು. ಅದರಲ್ಲಿ ದ್ರವ ತುಂಬಿ, 10 ಸೆಕೆಂಡು ಹರಿಯಲು ಬಿಟ್ಟು, ಉಳಿದದ್ದನ್ನು ನೋಡುವುದು. 4ರಿಂದ 8 ಮಿಲಿಲೀಟರ್ ಉಳಿದರೆ ಅದು ಎರಡನೆಯ ಮಟ್ಟ. ಮಾವನಿಗೆ ಆಗ ಹೇಳಿದ್ದು ಅದನ್ನೇ. ರಾಗಿಯನ್ನು ತೆಳುವಾಗಿ ಕಾಯಿಸಿ, ಸೋಸಿ, ಗಂಟಿಲ್ಲದಂತೆ ಮಾಡಿ ಸಿರಿಂಜಿನಲ್ಲಿ ಅಳೆದು ಕೊಡುತ್ತಿದ್ದೆವು. ನೇರವಾಗಿ ಕೂರಿಸಿಯೇ ಉಣಿಸುವುದು, ಉಂಡ ಮೇಲೆ ಅರ್ಧ ಗಂಟೆ ಮಲಗಿಸದಿರುವುದು ಮನೆಯ ಕಾನೂನಾಯಿತು. ಯಾರಿಗೆ ಎಷ್ಟು ದಪ್ಪ ಎಂಬುದನ್ನು ಪರೀಕ್ಷಿಸಿ ಹೇಳಬೇಕಾದವರು ಥೆರಪಿಸ್ಟ್. ನಮ್ಮ ಮನೆಯ ಅಳತೆಯನ್ನು ಯಾರೂ ತಮ್ಮ ಮನೆಗೆ ಒಯ್ಯಬಾರದು.

ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ಭಾಷಣಗಳಲ್ಲಿ ಹೊಗಳುತ್ತೇವೆ. ಅಫೇಸಿಯಾ ಬಂದ ಮನೆಯಲ್ಲಿ ಆ ಮಾತಿನ ಭಾರ ತಿಳಿಯುತ್ತದೆ. ಮೊದಲು ಕಲಿತ ಭಾಷೆ ಮೊದಲು ಮರಳುತ್ತದೆ ಎಂಬ ನಿಯಮವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೊ ಅವರ ಹೆಸರಿನೊಂದಿಗೆ ಜೋಡಿಸಿದ್ದಾರೆ. ಕಾಯಿಲೆಗೆ ಮುನ್ನ ಹೆಚ್ಚು ಬಳಸುತ್ತಿದ್ದ ಭಾಷೆ ಮೊದಲು ಮರಳುತ್ತದೆ ಎಂದು 1895ರಲ್ಲಿ ಅಲ್ಲಿಯದೇ ವೈದ್ಯ ಪಿತ್ರ್ ಹೇಳಿದರು. ಮಾವನಲ್ಲಿ ಎಲ್ಲ ಭಾಷೆಗಳೂ ಒಟ್ಟೊಟ್ಟಿಗೆ, ಯಾವುದೂ ಪೂರ್ತಿಯಾಗಿ ಅಲ್ಲದೆ ಬರತೊಡಗಿದವು. ಒಂದು ಮಧ್ಯಾಹ್ನ ಅವರು “ಬೆಳ್ಳ, ಬೆಳ್ಳ” ಎಂದು ಕೇಳಿದರು. ಅತ್ತೆ ಒಳಗೆ ಹೋಗಿ ಬೆಲ್ಲದ ತುಂಡು ತಂದುಕೊಟ್ಟರು. ಮಾವ ಅದನ್ನು ತಳ್ಳಿ ಮತ್ತೆ “ಬೆಳ್ಳ” ಎಂದರು. ಅತ್ತೆ ಇನ್ನೂ ದೊಡ್ಡ ತುಂಡು ತಂದರು. ಮಾವ ಎಡಗೈಯಿಂದ ತಟ್ಟೆಯನ್ನು ಬಡಿದರು, ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಡಿಕೆ ಮಾರಲು ಪೇಟೆಗೆ ಹೋದಾಗ ಅವರು ಮಲಯಾಳದಲ್ಲಿ “ವೆಳ್ಳಂ” ಎಂದು ನೀರು ಕೇಳುತ್ತಿದ್ದುದು ನನಗೆ ಹೊಳೆದದ್ದು ಸಂಜೆಗೆ. ಅವರಿಗೆ ಬಾಯಾರಿತ್ತು, ಬಾಯಿಗೆ ಸಿಕ್ಕಿದ ಭಾಷೆಯಲ್ಲಿ ನೀರು ಕೇಳಿದ್ದರು. ಅಂದಿನಿಂದ ಯಾವ ಭಾಷೆಯ ಪದ ಬಂದರೂ ಮೊದಲು ಅದನ್ನು ಒಪ್ಪಿಕೊಂಡು, ನೀರನ್ನು ಕೈಗೆ ಕೊಟ್ಟು, ಆಮೇಲೆ “ನೀರು” ಎಂದು ಮನೆಯ ಮಾತಿನಲ್ಲಿ ಒಮ್ಮೆ ಹೇಳುವುದು ರೂಢಿಯಾಯಿತು. ಗೋಡೆಗೆ ಹಾಕಿದ ಚಿತ್ರಗಳ ಹಲಗೆಯಲ್ಲಿ ಪ್ರತಿ ವಸ್ತುವಿನ ಫೋಟೋದ ಕೆಳಗೆ ಕನ್ನಡ, ತುಳು, ಮಲಯಾಳ ಮೂರು ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಬರೆದೆ.

ಕನ್ನಡದಲ್ಲಿ ಪರೀಕ್ಷೆಗಳೂ ಅಭ್ಯಾಸ ಸಾಮಗ್ರಿಯೂ ಇಲ್ಲವೆಂದಲ್ಲ. 1960ರ ದಶಕದಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಬಹಳಷ್ಟು ಕೆಲಸ ನಡೆದಿದೆ. ಆದರೆ ಗಡಿಯ ಈಚೆಗೆ ಹತ್ತಿರದ ಕೇಂದ್ರಕ್ಕೆ ಹೋದರೆ ಚಿಕಿತ್ಸೆಯ ಭಾಷೆ ಮಲಯಾಳ. ಗಡಿಯಾಚೆ ಹೋದರೆ ಪುಸ್ತಕದ ಕನ್ನಡ. “ಎನಗೆ ಗೊಂತಿಲ್ಲೆ” ಎಂದು ಹೇಳಬೇಕಾದವರಿಂದ “ನನಗೆ ಗೊತ್ತಿಲ್ಲ” ಎಂದು ಹೇಳಿಸುವುದು ಸಣ್ಣ ವ್ಯತ್ಯಾಸವಲ್ಲ. ಕನ್ನಡ ಕಲಿಸುವ ನಾನೇ ಇದನ್ನು ಹೇಳುತ್ತಿದ್ದೇನೆ: ಶುದ್ಧಭಾಷೆಯ ಹಂಬಲವನ್ನು ರೋಗಿಯ ಹಾಸಿಗೆಯ ಬಳಿಗೆ ತರಬಾರದು.

ನಮ್ಮ ಕಡೆ ಥೆರಪಿ ಎಂಬ ಪದ ಹೊಸದಲ್ಲ. ಗೇರು ತೋಟಗಳ ಮೇಲೆ ಸುಮಾರು ಎರಡು ದಶಕಗಳ ಕಾಲ, 2000ದವರೆಗೆ, ಆಕಾಶದಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಎಣ್ಮಕಜೆಯಂತಹ ಪಂಚಾಯತುಗಳಲ್ಲಿ ಕೈಕಾಲು ಸ್ವಾಧೀನವಿಲ್ಲದ, ಮಾತು ಬಾರದ ಮಕ್ಕಳನ್ನು ಎತ್ತಿಕೊಂಡೇ ಬದುಕಿದ ತಾಯಂದಿರಿದ್ದಾರೆ; ಅವರ ಮಕ್ಕಳಿಗಾಗಿ ಬಡ್ಸ್ ಎಂಬ ವಿಶೇಷ ಶಾಲೆಗಳು ನಡೆಯುತ್ತಿವೆ. ನಮ್ಮ ನೆರೆಮನೆಯಲ್ಲಿ ಸೆರೆಬ್ರಲ್ ಪಾಲ್ಸಿ, ಎಂದರೆ ಎಳವೆಯಲ್ಲೇ ಮೆದುಳಿಗಾದ ಪೆಟ್ಟಿನಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ, ಇದ್ದ ಹುಡುಗನಿಗೆ ಆಗ ಒಂಬತ್ತು ವರ್ಷ. ಶಾಲೆ ಮುಚ್ಚಿದ್ದರಿಂದ ಅವನ ತಾಯಿ ಅವನನ್ನು ಮಧ್ಯಾಹ್ನದ ಹೊತ್ತು ನಮ್ಮ ಜಗಲಿಗೆ ಕರೆತರತೊಡಗಿದಳು. 2020ರ ಆಟಿಯಲ್ಲಿ, ಎಂದರೆ ಜುಲೈ-ಆಗಸ್ಟಿನ ನಡುವೆ ಬರುವ ತುಳು ತಿಂಗಳಿನಲ್ಲಿ, ಅತ್ತೆ ಅಟ್ಟದಿಂದ ಚೆನ್ನೆಮಣೆ ಇಳಿಸಿದರು.

ಚೆನ್ನೆಮಣೆಯನ್ನು ಗೊತ್ತಿದ್ದು ಯಾರೋ ಕೈಯ ವೈದ್ಯರು ಮಾಡಿರಬೇಕೆಂದು ನನಗೆ ಅನ್ನಿಸುವಷ್ಟು ಅದು ಬೆರಳಿಗೆ ಹೇಳಿಮಾಡಿಸಿದ ಆಟ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು ಐವತ್ತಾರು. ಒಂದು ಗುಳಿಯ ಕಾಯಿಗಳನ್ನೆಲ್ಲ ಬಾಚಿ ಅಂಗೈಗೆ ತೆಗೆದುಕೊಂಡು, ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತಾ ಹೋಗಬೇಕು. ಬಾಚುವುದು ಸುಲಭ. ಆದರೆ ಅಂಗೈಯಲ್ಲಿ ಮೂರನ್ನು ಕಿರುಬೆರಳು ಮತ್ತು ಉಂಗುರಬೆರಳಿನಿಂದ ಅದುಮಿ ಹಿಡಿದು, ಒಂದನ್ನು ಮಾತ್ರ ಹೆಬ್ಬೆರಳಿನಿಂದ ತೋರುಬೆರಳಿನ ತುದಿಗೆ ಉರುಳಿಸಿ ತಂದು ಬಿಡುವುದಿದೆಯಲ್ಲ, ಅದು ಗುಂಡಿ ಹಾಕುವುದಕ್ಕೂ, ಚಿಲ್ಲರೆ ಎಣಿಸುವುದಕ್ಕೂ, ಪೆನ್ನು ಹಿಡಿದು ಸರಿಹೊಂದಿಸಿಕೊಳ್ಳುವುದಕ್ಕೂ ಬೇಕಾದ ಚಲನೆ. ಮಾವನ ಕೈಯಿಂದ ನಾಲ್ಕೂ ಒಮ್ಮೆಗೇ ಉದುರುತ್ತಿದ್ದವು. ಹುಡುಗನಿಗೆ ಮಂಜೊಟ್ಟಿ ಎಂಬ ಕೆಂಪು ಬೀಜದ ಸಣ್ಣ ಕಾಯಿ ಹಿಡಿತಕ್ಕೆ ಸಿಗುತ್ತಿರಲಿಲ್ಲ, ಬಾಯಿಗೂ ಹಾಕಿಕೊಳ್ಳುವ ಭಯವಿತ್ತು. ಅವನಿಗಾಗಿ ಗುಳಿಗಳ ಬದಲು ತೆಂಗಿನ ಗೆರಟೆಗಳನ್ನು ಸಾಲಾಗಿ ಇಟ್ಟು, ಕಾಯಿಯ ಬದಲು ನಿಂಬೆ ಕಾಯಿ ಕೊಟ್ಟೆವು. ಸರದಿ ಬಂದಾಗ ಹೇಳಬೇಕಾದ ಮಾತು ಒಂದೇ: ಮಾವ “ಎನ್ನದು” ಎನ್ನಬೇಕು, ಹುಡುಗ ತನಗೆ ಬರುವ “ಆಂ” ಎಂಬ ಉಲಿಯೊಂದಿಗೆ ಎದೆ ಮುಟ್ಟಿಕೊಳ್ಳಬೇಕು. ಒಂದು ತಿಂಗಳು ಇಬ್ಬರೂ ಒಬ್ಬರನ್ನೊಬ್ಬರು ಕಾದು ಆಡಿದರು.

ಆ ಹುಡುಗನ ನಾಲಗೆಗೆ ಬಜೆ ತೇಯ್ದು ಹಚ್ಚುವಂತೆ ಊರಿನ ಹಿರಿಯರು ಹೇಳಿದ್ದರು, ಯಾರೋ ಪೀಪಿ ಊದಿಸುವಂತೆಯೂ ಹೇಳಿದ್ದರು. ಊದುವುದರಿಂದ ಊದಲು ಬರುತ್ತದೆ. ಮಾತು ಮಾತನಾಡುವುದರಿಂದಲೇ ಬರಬೇಕು. ಮಗು ಮಾತನಾಡುತ್ತಿಲ್ಲವೆಂದರೆ ಯಾವ ಮದ್ದಿಗೂ ಮೊದಲು ಕಿವಿಯ ಪರೀಕ್ಷೆ ಮಾಡಿಸಬೇಕೆಂದು ನಾನು ಶಾಲೆಯ ಪೋಷಕರ ಸಭೆಯಲ್ಲಿ ಈಗ ತಪ್ಪದೆ ಹೇಳುತ್ತೇನೆ. ಆಟಿ ಮುಗಿದ ದಿನ ಅತ್ತೆ ಚೆನ್ನೆಮಣೆಯನ್ನು ಅಟ್ಟಕ್ಕೆ ಏರಿಸಿದರು, ಆಟಿಯಲ್ಲದೆ ಬೇರೆ ಕಾಲದಲ್ಲಿ ಆಡಬಾರದೆಂಬ ನಂಬಿಕೆ ಅವರದು. ಗೆರಟೆಗಳಿಗೆ ಆ ನಿಷೇಧವಿರಲಿಲ್ಲ, ಅವು ಜಗಲಿಯಲ್ಲಿ ಉಳಿದವು.

ಮೊದಲಿನ ಪ್ರಶ್ನೆಗೆ ಮಾವ ಮರಳಿದ್ದು ಆ ವರ್ಷದ ಅಕ್ಟೋಬರಿನಲ್ಲಿ. ಥೆರಪಿಸ್ಟ್ ಅದನ್ನೇ ಗುರಿಯಾಗಿ ಆರಿಸಿದ್ದಳು, ಏಕೆಂದರೆ ಬಂದವರನ್ನು ಮಾತನಾಡಿಸುವ ಯಜಮಾನಿಕೆ ಆ ಒಂದು ಮಾತಿನಲ್ಲಿತ್ತು. ಮನೆಯವರೊಂದಿಗೆ ನೂರಾರು ಸಲ ಅಭ್ಯಾಸ ಮಾಡಿದ ಮೇಲೆ ಒಂದು ದಿನ ಪರಿಚಯದವರೊಬ್ಬರು ಬಂದಾಗ ಮಾವ ಕುರ್ಚಿಯಿಂದ ಮುಂದಕ್ಕೆ ಬಾಗಿ, “ಆ... ಆಸರಿಂಗೆ... ಎಂತ... ಅಕ್ಕು?” ಎಂದರು. ಬಂದವರಿಗೆ ಅನುಕಂಪ ಉಕ್ಕಿ, ಶ್ರಮ ಕೊಡಬಾರದೆಂದು, “ಎಂತದೂ ಬೇಡ, ನೀವು ಕೂರಿ” ಎಂದುಬಿಟ್ಟರು. ನಮ್ಮಲ್ಲಿ ಬೇಡ ಎನ್ನುವುದು ಸೌಜನ್ಯ. ಆದರೆ ಹತ್ತು ತಿಂಗಳ ದುಡಿಮೆಯ ಮಾತಿಗೆ ಬಂದ ಆ ಉತ್ತರ ಸಂಭಾಷಣೆಯನ್ನು ಅಲ್ಲಿಗೇ ಮುಗಿಸಿತು. ಮಾವ ಹಿಂದಕ್ಕೆ ಒರಗಿದರು.

ಅಂದಿನಿಂದ ಬರುವವರಿಗೆಲ್ಲ ಮೊದಲೇ ಫೋನಿನಲ್ಲಿ ಹೇಳಿಡುತ್ತೇನೆ: ಬೇಡ ಎನ್ನಬೇಡಿ, ಏನನ್ನಾದರೂ ಕೇಳಿ, ಕೇಳಿ ಆದ ಮೇಲೆ ನನ್ನ ಕಡೆ ತಿರುಗಬೇಡಿ. ಕಳೆದ ವಾರ ನನ್ನ ಶಾಲೆಯ ಇಬ್ಬರು ಬಂದಿದ್ದರು. ಮಾವ ಕೇಳಿದರು. ಒಬ್ಬರು ಮಜ್ಜಿಗೆ ಎಂದರು, ಇನ್ನೊಬ್ಬರು ಬೆಲ್ಲ ನೀರು ಎಂದರು. ಮಾವ ಒಳಗಿನ ಬಾಗಿಲ ಕಡೆ ಮುಖ ಮಾಡಿ, ಎಡಗೈಯಿಂದ ತೊಡೆಯ ಮೇಲೆ ಮೆಲ್ಲನೆ ತಾಳ ತಟ್ಟುತ್ತಾ, “ಒಂದು... ಕಾಪಿ” ಎಂದರು. ತಲೆ ಅಲ್ಲಾಡಿಸಿದರು. ಬಂದವರಿಬ್ಬರೂ ಕಾದರು, ಅಡುಗೆಮನೆಯಲ್ಲಿ ಅತ್ತೆಯೂ ಲೋಟ ಹಿಡಿದು ಕಾದರು. “ಕಾಪಿ ಅಲ್ಲ. ಮ... ಮಜ್ಜಿಗೆ. ಒಂದು. ಮತ್ತೆ, ನೀರು... ಬೆಲ್ಲ.”